ಕಿರುಚಿತ್ರದ ಖರ್ಚು ಯಾರ ಜೇಬಿನದು?

2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕನ್ನಡ ಕಿರುಚಿತ್ರಕ್ಕೆ ಮೊದಲ ಬಹುಮಾನ ಬಂತು. ಚಿತ್ರದ ಹೆಸರು ಇಂಗ್ಲಿಷಿನದು, 'ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ'. ಕತೆ ಮಾತ್ರ ನಮ್ಮದೇ ನೆಲದ್ದು. ಅಜ್ಜಿಯೊಬ್ಬಳು ಹುಂಜವನ್ನು ಕದ್ದೊಯ್ಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ಜಗತ್ತಿನ ಫಿಲ್ಮ್ ಶಾಲೆಗಳಿಂದ ಬಂದಿದ್ದ 2,263 ಚಿತ್ರಗಳಲ್ಲಿ 18 ಆಯ್ಕೆಯಾಗಿ, ಅವುಗಳಲ್ಲಿ ಇದು ಮೊದಲನೆಯದಾಯಿತು. ಬಹುಮಾನದ ಮೊತ್ತ 15,000 ಯೂರೊ. 2025ರ ಆಗಸ್ಟ್‌ನಲ್ಲಿ ಪ್ರಕಟವಾದ 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳ ಕಥೇತರ ಎನ್ನಲಾಗುವ ನಾನ್-ಫೀಚರ್ ವಿಭಾಗದಲ್ಲೂ ಅತ್ಯುತ್ತಮ ಚಿತ್ರಕಥೆಯ ಪ್ರಶಸ್ತಿ ಇದಕ್ಕೇ ಸಿಕ್ಕಿತು. ಅದರ ಹಿಂದಿನ ವರ್ಷ ಅದೇ ವಿಭಾಗದಲ್ಲಿ ಇನ್ನೊಂದು ಕನ್ನಡ ಚಿತ್ರ 'ಮಧ್ಯಂತರ', ನಿರ್ದೇಶಕ ಬಸ್ತಿ ದಿನೇಶ್ ಶೆಣೈ ಅವರಿಗೆ ಚೊಚ್ಚಲ ನಿರ್ದೇಶನದ ಪ್ರಶಸ್ತಿಯನ್ನೂ ಸುರೇಶ್ ಅರಸ್ ಅವರಿಗೆ ಸಂಕಲನದ ಪ್ರಶಸ್ತಿಯನ್ನೂ ತಂದಿತ್ತು.

ನಾವೆಲ್ಲ ಹೆಮ್ಮೆಯಿಂದ ಸ್ಟೇಟಸ್ ಹಾಕಿಕೊಂಡೆವು. ಹಾಕಿಕೊಳ್ಳಲೇಬೇಕಾದ ಸುದ್ದಿಯೇ ಅದು. ಆದರೆ ಕಾನ್‌ನಲ್ಲಿ ಗೆದ್ದ ಚಿತ್ರ ತಯಾರಾದ ಬಗೆಯನ್ನು ಒಮ್ಮೆ ನೋಡಿ. ಪುಣೆಯ ಎಫ್‌ಟಿಐಐನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸ್, ಅದರ ಕೊನೆಯಲ್ಲಿ ಮಾಡಬೇಕಾದ ಅಭ್ಯಾಸದ ಚಿತ್ರ ಇದು. ನಿರ್ದೇಶನ, ಕ್ಯಾಮೆರಾ, ಎಡಿಟಿಂಗ್, ಸೌಂಡ್, ಹೀಗೆ ಒಂದೊಂದು ವಿಭಾಗದಿಂದ ಒಬ್ಬೊಬ್ಬ ವಿದ್ಯಾರ್ಥಿ. ಶೂಟಿಂಗಿಗೆ ಸಿಕ್ಕಿದ್ದು ನಾಲ್ಕೇ ದಿನ. ನಾಲ್ಕು ದಿನ ಅಂದರೆ ಕಷ್ಟವೇ. ಆದರೂ ಆ ನಾಲ್ಕು ದಿನಗಳ ಹಿಂದೆ ಒಂದು ಸಂಸ್ಥೆ ಇತ್ತು, ಅದರ ಕ್ಯಾಮೆರಾ, ಲೈಟು, ಎಡಿಟ್ ರೂಮು, ಮೇಷ್ಟ್ರುಗಳು ಇದ್ದರು. ಆ ಸಂಸ್ಥೆ ನಡೆಯುವುದು ಸಾರ್ವಜನಿಕ ಹಣದಲ್ಲಿ.

ಹಾಗಾದರೆ ನನ್ನ ಪ್ರಶ್ನೆ ಇಷ್ಟು. ಎಂಬಿಬಿಎಸ್ ಮುಗಿಸಿ ಸಿನಿಮಾ ಕಡೆ ಹೊರಳಿದ ಈ ಹುಡುಗನಿಗೆ ಪುಣೆಯಲ್ಲಿ ಸೀಟು ಸಿಗದೇ ಹೋಗಿದ್ದರೆ, ಆ ಅಜ್ಜಿಯ ಕತೆ ಕರ್ನಾಟಕದಲ್ಲಿ ಚಿತ್ರವಾಗುತ್ತಿತ್ತಾ? ಆಗಿದ್ದರೆ ಯಾರ ದುಡ್ಡಲ್ಲಿ?

ಬರೆಯುವಾಗಲೇ ಬಜೆಟ್ ಕೂತಿರುತ್ತದೆ

ಕಿರುಚಿತ್ರ ಅಂದರೆ ಎಷ್ಟುದ್ದ? ಆಸ್ಕರ್ ಲೆಕ್ಕದಲ್ಲಿ ಟೈಟಲ್ ಕಾರ್ಡುಗಳೂ ಸೇರಿ 40 ನಿಮಿಷದೊಳಗೆ. ನಮ್ಮ ರಾಷ್ಟ್ರೀಯ ಪ್ರಶಸ್ತಿಯ ಲೆಕ್ಕದಲ್ಲಿ 30 ನಿಮಿಷದೊಳಗೆ. ನಮ್ಮಲ್ಲಿ ಸ್ವಂತವಾಗಿ ಮಾಡುವವರು ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ನಿಮಿಷಕ್ಕೆ ನಿಲ್ಲಿಸುತ್ತಾರೆ. ಕಾರಣ ಕಲೆಯದ್ದಷ್ಟೇ ಅಲ್ಲ, ಜೇಬಿನದ್ದೂ ಹೌದು.

ಕತೆ ಹುಟ್ಟುವ ಹಂತದಿಂದಲೇ ಇದು ಶುರು. ಸಣ್ಣ ದುಡ್ಡಿನ ಚಿತ್ರಕ್ಕೆ ಸ್ಕ್ರಿಪ್ಟ್ ಬರೆಯೋರು ಮೊದಲು ಪಟ್ಟಿ ಮಾಡೋದು ತಮ್ಮ ಹತ್ತಿರ ಏನಿದೆ ಅನ್ನೋದನ್ನು. ಗೆಳೆಯನ ಬಾಡಿಗೆ ಮನೆ, ಮಾವನ ತೋಟ, ಪರಿಚಯದ ಚಹಾ ಅಂಗಡಿ, ಯಾರದೋ ಕಾರು. ಒಂದು ಲೊಕೇಶನ್‌ನಿಂದ ಇನ್ನೊಂದಕ್ಕೆ ಹೋದರೆ ಅರ್ಧ ದಿನ ಕಳೆಯುತ್ತದೆ. ರಾತ್ರಿ ಸೀನ್ ಅಂದರೆ ಲೈಟು, ಜನರೇಟರು, ರಾತ್ರಿ ಊಟ, ವಾಪಸ್ ಹೋಗಲು ಗಾಡಿ. ಮಳೆ, ಜಾತ್ರೆ, ಬಸ್ ಸ್ಟ್ಯಾಂಡ್, ಪೊಲೀಸ್ ಠಾಣೆ ಅಂತ ಬರೆದರೆ ಕೈ ಸುಟ್ಟುಕೊಂಡಂತೆ. ಹಾಗಾಗಿ ಒಂದು ಜಾಗ, ಎರಡು ಮೂರು ಪಾತ್ರ, ಒಂದು ಹಗಲು ಅನ್ನೋ ಸೂತ್ರಕ್ಕೆ ಕತೆ ತಾನಾಗಿ ಬಂದು ಕೂರುತ್ತದೆ.

ಈ ಕಟ್ಟುಪಾಡಿನಿಂದ ಒಳ್ಳೆಯ ಸಿನಿಮಾ ಬರೋದಿಲ್ಲ ಅಂತಲ್ಲ. ಕಿರುಚಿತ್ರದ ಶಿಸ್ತೇ ಅದು. ಒಂದು ಸಂದರ್ಭ ಹಿಡಿದು, ಅದರೊಳಗೆ ಒಂದು ಬದಲಾವಣೆ ತೋರಿಸಿ ಬಿಟ್ಟುಬಿಡಬೇಕು. ಆದರೆ ಕನ್ನಡದ ಎಷ್ಟೊಂದು ಕಿರುಚಿತ್ರಗಳು ಬೆಂಗಳೂರಿನ ಫ್ಲಾಟಿನಲ್ಲಿ, ಟೆರೇಸಿನಲ್ಲಿ, ಕೆಫೆಯಲ್ಲಿ, ಕಾರೊಳಗೆ ನಡೆಯುತ್ತವೆ ಅಂತ ಗಮನಿಸಿದ್ದೀರಾ? ಅವನ್ನು ಮಾಡಿದವರಿಗೆ ಬೇರೆ ಕತೆ ಗೊತ್ತಿಲ್ಲ ಅಂತಲ್ಲ. ಪುಕ್ಕಟೆ ಸಿಗುವ ಜಾಗ ಅದು. ಯಾರ ಮನೆ ಪುಕ್ಕಟೆ ಸಿಗುತ್ತದೋ ಅವರ ಕತೆಯೇ ಚಿತ್ರವಾಗುತ್ತದೆ. ಕೂಲಿಗೆ ಗುಳೆ ಹೋಗುವ ಕುಟುಂಬದ ಕತೆಗೆ ರೈಲ್ವೆ ಸ್ಟೇಷನ್ ಬೇಕು, ಅಲ್ಲಿ ಶೂಟ್ ಮಾಡಲು ಅನುಮತಿ ಬೇಕು, ಅನುಮತಿಗೆ ಶುಲ್ಕ ಬೇಕು. ಆ ಕತೆ ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ. ಸಿನಿಮಾದಲ್ಲಿ ಯಾವ ವರ್ಗದ ಬದುಕು ಕಾಣುತ್ತದೆ ಅನ್ನೋದರಲ್ಲಿ ಲೊಕೇಶನ್ ಬಾಡಿಗೆಯ ಪಾತ್ರ ನಾವು ಅಂದುಕೊಂಡಿದ್ದಕ್ಕಿಂತ ದೊಡ್ಡದು.

ಸೌಂಡ್ ವಿಷಯವೂ ಹಾಗೇ. ಕ್ಯಾಮೆರಾಗೆ ದುಡ್ಡು ಹೊಂದಿಸುವವರು ಸೌಂಡಿಗೆ ಬರುವ ಹೊತ್ತಿಗೆ ಕೈ ಖಾಲಿ ಮಾಡಿಕೊಂಡಿರುತ್ತಾರೆ. ಸ್ಥಳದಲ್ಲೇ ಮಾತು ರೆಕಾರ್ಡ್ ಮಾಡುವ ಸಿಂಕ್ ಸೌಂಡಿಗೆ ಒಳ್ಳೆ ಮೈಕು ಬೇಕು, ಅದನ್ನು ಬಲ್ಲವರು ಬೇಕು, ಸುತ್ತ ಸದ್ದಡಗುವ ತನಕ ಕಾಯುವ ಸಮಯ ಬೇಕು. ಇಲ್ಲದಿದ್ದರೆ ಆಮೇಲೆ ಸ್ಟುಡಿಯೋದಲ್ಲಿ ಗಂಟೆ ಲೆಕ್ಕಕ್ಕೆ ಡಬ್ಬಿಂಗ್. ನಟನೆಯ ಅನುಭವವೇ ಇಲ್ಲದ ಊರಿನ ಹೆಂಗಸೊಬ್ಬರು ಹೊಲದಲ್ಲಿ ಸಹಜವಾಗಿ ಆಡಿದ ಮಾತನ್ನು ಡಬ್ಬಿಂಗ್ ಕೋಣೆಯಲ್ಲಿ ತುಟಿಗೆ ಹೊಂದಿಸಿ ಮತ್ತೆ ಹೇಳು ಅಂದರೆ ಅದು ಬರೋದಿಲ್ಲ. ಆಗ ಬೇರೆಯವರ ದನಿ ಬರುತ್ತದೆ, ಆ ದನಿಯ ಜೊತೆ ಬೆಂಗಳೂರು ಕನ್ನಡವೂ ಬರುತ್ತದೆ. ಕೊಪ್ಪಳದ ಮಾತು, ಕೋಲಾರದ ಮಾತು, ಕುಂದಾಪುರದ ಮಾತು ತೆರೆಯ ಮೇಲೆ ಉಳಿಯಬೇಕಾದರೆ ಭಾಷಾಭಿಮಾನದ ಜೊತೆಗೆ ಒಬ್ಬ ಸೌಂಡ್ ರೆಕಾರ್ಡಿಸ್ಟ್‌ಗೆ ಕೊಡುವ ಸಂಬಳವೂ ಬೇಕು.

ಇದನ್ನೆಲ್ಲ ಮೀರಿದವರು ಇದ್ದಾರೆ. 'ಪೆಡ್ರೊ' ಮಾಡಿದ ನಟೇಶ್ ಹೆಗಡೆ ತಮ್ಮ ಸುತ್ತಲಿನ ಜನರನ್ನೇ ಪಾತ್ರ ಮಾಡಿದರು. ಮುಖ್ಯ ಪಾತ್ರದಲ್ಲಿದ್ದವರು ಅವರ ತಂದೆ ಗೋಪಾಲ್ ಹೆಗಡೆ. ಆ ಚಿತ್ರಕ್ಕೆ ಮುಂಚೆ ನಟೇಶ್ ಕೈ ಪಳಗಿದ್ದು ಕಿರುಚಿತ್ರಗಳಲ್ಲಿ. ಜೈಶಂಕರ್ ಆರ್ಯರ್ 'ಶಿವಮ್ಮ'ವನ್ನು ಯರೇಹಂಚಿನಾಳದಲ್ಲಿ, ವೃತ್ತಿಪರರಲ್ಲದ ಊರವರನ್ನೇ ಇಟ್ಟುಕೊಂಡು ಮಾಡಿದರು. 2022ರಲ್ಲಿ ಅದಕ್ಕೆ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂತು. ಈ ಎರಡೂ ಚಿತ್ರಗಳ ಹಿಂದೆ ನಿರ್ಮಾಪಕರಾಗಿ ರಿಷಬ್ ಶೆಟ್ಟಿ ನಿಂತರು. ಒಬ್ಬ ಯಶಸ್ವಿ ನಟ-ನಿರ್ದೇಶಕರ ಆಸಕ್ತಿ, ಔದಾರ್ಯ ಇಲ್ಲಿ ಕೆಲಸ ಮಾಡಿದೆ, ಅದನ್ನು ಮೆಚ್ಚಬೇಕು. ಆದರೆ ಒಬ್ಬರ ಔದಾರ್ಯವನ್ನು ವ್ಯವಸ್ಥೆ ಅಂತ ಕರೆಯೋಕಾಗಲ್ಲ.

ಒಂದು ಸಣ್ಣ ಲೆಕ್ಕ

ಎಂಜಿನಿಯರಿಂಗ್ ಓದಿದ ಚಾಳಿ, ಲೆಕ್ಕ ಹಾಕದೆ ಸಮಾಧಾನ ಆಗಲ್ಲ. ಹದಿನೈದು ನಿಮಿಷದ ಒಂದು ಚಿತ್ರ ಅಂದುಕೊಳ್ಳಿ. ನಟರೂ ಸೇರಿ ಸೆಟ್ಟಿನಲ್ಲಿ 12 ಜನ, 3 ದಿನ ಶೂಟಿಂಗ್. ಅಲ್ಲಿಗೆ 36 ಆಳಿನ ದಿನಗಳು. ಅದಕ್ಕೂ ಮುಂಚೆ ಸ್ಕ್ರಿಪ್ಟ್ ತಿದ್ದೋದು, ಲೊಕೇಶನ್ ಹುಡುಕೋದು, ರಿಹರ್ಸಲ್ ಅಂತ 3 ಜನ 10 ದಿನ ಓಡಾಡಿದರೆ 30. ಆಮೇಲೆ ಎಡಿಟ್ 15 ದಿನ, ಸೌಂಡ್ 7, ಕಲರಿಂಗ್ 3 ಅಂತ ಬಹಳ ಕಂಜೂಸಾಗಿ ಹಿಡಿದರೂ 25. ಒಟ್ಟು 91. ಇದು ನಾನು ಹಾಕಿದ ಊಹೆಯ ಲೆಕ್ಕ, ಚಿತ್ರದಿಂದ ಚಿತ್ರಕ್ಕೆ ಹೆಚ್ಚುಕಮ್ಮಿ ಆಗುತ್ತದೆ.

ಈಗ ಈ 91 ದಿನಕ್ಕೆ ಕೂಲಿ ಕಟ್ಟೋಣ. ಕೌಶಲದ ಕೆಲಸ ಅನ್ನೋದನ್ನು ಮರೆತು, 2025-26ರಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿಯಂತೆ ಕೊಟ್ಟರೂ 33,670 ರೂಪಾಯಿ. ಇದರಲ್ಲಿ ಕ್ಯಾಮೆರಾ ಬಾಡಿಗೆ ಇಲ್ಲ, ಲೆನ್ಸ್ ಇಲ್ಲ, ಊಟ ಇಲ್ಲ, ಗಾಡಿ ಇಲ್ಲ, ಹಾರ್ಡ್ ಡಿಸ್ಕ್ ಇಲ್ಲ. "ನಲವತ್ತು ಸಾವಿರದಲ್ಲಿ ಸಿನಿಮಾ ಮುಗಿಸಿದ್ವಿ" ಅಂತ ಯಾರಾದರೂ ಹೇಳಿದರೆ ಅದರ ಅರ್ಥ, ಕೆಲಸ ಮಾಡಿದ ಬಹುತೇಕರಿಗೆ ಏನೂ ಸಿಕ್ಕಿಲ್ಲ ಅಂತ.

ಸ್ನೇಹಿತರು ಸ್ನೇಹಿತರಿಗೆ ದುಡಿಯೋದರಲ್ಲಿ ತಪ್ಪೇನಿದೆ ಅಂತ ಕೇಳಬಹುದು. ತಪ್ಪಿಲ್ಲ. ನನ್ನ ಸಹಪಾಠಿಗಳಲ್ಲೂ ಹಲವರು ಐಟಿ ಕಂಪನಿಯ ಸಂಬಳದಲ್ಲಿ ವಾರಾಂತ್ಯ ಶೂಟಿಂಗ್ ಮಾಡಿಕೊಂಡವರೇ, ನಾನೂ ಬೂಮ್ ಮೈಕ್ ಹಿಡಿದು ನಿಂತಿದ್ದೇನೆ. ನನಗೆ ಆ ಎರಡು ದಿನ ಪುಕ್ಕಟೆ ದುಡಿಯಲು ಆಗಿದ್ದು ಸೋಮವಾರ ಬೆಳಗ್ಗೆ ಹೋಗಲು ಕೆಲಸ ಇದ್ದದ್ದರಿಂದ. ಶನಿವಾರವೂ ದುಡಿಯಬೇಕಾದ ಹುಡುಗನಿಗೆ, ಬೆಂಗಳೂರಿನ ಪಿಜಿ ಬಾಡಿಗೆಗೇ ಒದ್ದಾಡುವ ರಾಯಚೂರಿನ ಹುಡುಗಿಗೆ ಆ ಸ್ನೇಹ ದುಬಾರಿ. ಪುಕ್ಕಟೆ ದುಡಿಮೆ ಯಾರ ಕೈಲಾಗುತ್ತದೋ ಅವರೇ ಕಲಿಯುತ್ತಾರೆ, ಕಲಿತವರೇ ಮುಂದೆ ದೊಡ್ಡ ಚಿತ್ರ ಮಾಡುತ್ತಾರೆ. ಜಾತಿ, ವರ್ಗ, ಊರು ಇವೆಲ್ಲ ಸಿನಿಮಾದೊಳಗೆ ನುಸುಳುವುದು ಹೀಗೆ, ಯಾರೂ ಯಾರನ್ನೂ ಬಾಗಿಲಲ್ಲಿ ತಡೆಯಬೇಕಾಗಿಲ್ಲ.

ಹೆಣ್ಣುಮಕ್ಕಳ ಮಟ್ಟಿಗೆ ಇನ್ನೊಂದು ಪದರ ಇದೆ. 2024ರ ಆಗಸ್ಟ್‌ನಲ್ಲಿ ಕೇರಳದ ಹೇಮಾ ಸಮಿತಿ ವರದಿ ಹೊರಬಿದ್ದ ಮೇಲೆ ನಮ್ಮಲ್ಲೂ 'ಫೈರ್' ಸಂಘಟನೆ ಅಂಥದ್ದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟಿತು. 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಕರಾರುಪತ್ರವೇ ಇಲ್ಲದ, ಸಂಬಳವೇ ಇಲ್ಲದ, ಮೂರು ದಿನಕ್ಕೆ ಕೂಡಿ ಚದುರಿಹೋಗುವ ಕಿರುಚಿತ್ರದ ತಂಡದಲ್ಲಿ ಯಾರು ಉದ್ಯೋಗಿ, ಯಾರು ಮಾಲೀಕ? "ನಾವೆಲ್ಲ ಫ್ರೆಂಡ್ಸ್ ಅಲ್ವಾ" ಅನ್ನೋ ಮಾತಿನಡಿ ಏನೇನು ಮುಚ್ಚಿಹೋಗುತ್ತದೆ ಅನ್ನೋದನ್ನು ಸೆಟ್ಟಿನಲ್ಲಿ ಅಸಿಸ್ಟೆಂಟ್ ಆಗಿ ದುಡಿದ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ.

ವಿಸಿಟಿಂಗ್ ಕಾರ್ಡ್ ಅನ್ನೋ ಮಾತು

ಕಿರುಚಿತ್ರ ಅಂದರೆ ನಿರ್ಮಾಪಕರಿಗೆ ತೋರಿಸುವ ವಿಸಿಟಿಂಗ್ ಕಾರ್ಡ್ ಅಂತ ಗಾಂಧಿನಗರದಲ್ಲಿ ಮಾತಿದೆ. ಮಾತು ಪೂರ್ತಿ ಸುಳ್ಳಲ್ಲ. ತಮಿಳಿನಲ್ಲಿ ಕಲೈಞರ್ ಟಿವಿಯ 'ನಾಳೈಯ ಇಯಕ್ಕುನರ್' ಅನ್ನೋ ಕಿರುಚಿತ್ರ ಸ್ಪರ್ಧೆಯಿಂದ ಕಾರ್ತಿಕ್ ಸುಬ್ಬರಾಜ್, ನಲನ್ ಕುಮಾರಸ್ವಾಮಿ, ಬಾಲಾಜಿ ಮೋಹನ್, ಅಲ್ಫೋನ್ಸ್ ಪುತ್ರೆನ್ ಬಂದರು. 2012ರ 'ಪಿಜ್ಜಾ', 2013ರ 'ಸೂದು ಕವ್ವುಂ' ನೋಡಿದವರಿಗೆ ಆ ಒಂದು ಟಿವಿ ಕಾರ್ಯಕ್ರಮ ತಮಿಳು ಸಿನಿಮಾಕ್ಕೆ ಏನು ಕೊಟ್ಟಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚಿತ್ರ ಮಾಡಿ, ತೀರ್ಪುಗಾರರಿಂದ ಬೈಸಿಕೊಂಡು, ಮತ್ತೆ ಮಾಡುವ ಅವಕಾಶ ಅದು.

ಸೊಲ್ಲಾಪುರ ಜಿಲ್ಲೆಯ ಜೇವೂರಿನ ನಾಗರಾಜ ಮಂಜುಳೆ 'ಫಂಡ್ರಿ', 'ಸೈರಾಟ್' ಮಾಡುವ ಮುಂಚೆ ಮಾಡಿದ್ದು 'ಪಿಸ್ತುಲ್ಯಾ' ಅನ್ನೋ ಕಿರುಚಿತ್ರ. ಶಾಲೆಗೆ ಹೋಗಬೇಕು ಅಂತ ಹಂಬಲಿಸುವ ಹುಡುಗನ ಕತೆ. ಅಹ್ಮದ್‌ನಗರದ ಕಾಲೇಜಿನಲ್ಲಿ ಓದುವಾಗ ಮಾಡಿದ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಪಾಯಲ್ ಕಪಾಡಿಯಾ 2024ರಲ್ಲಿ ಕಾನ್‌ನ ಗ್ರ್ಯಾನ್ ಪ್ರಿ ಗೆಲ್ಲುವ ಏಳು ವರ್ಷ ಮುಂಚೆ, 2017ರಲ್ಲಿ, ಅವರ 13 ನಿಮಿಷದ 'ಆಫ್ಟರ್‌ನೂನ್ ಕ್ಲೌಡ್ಸ್' ಅದೇ ಕಾನ್‌ನ ವಿದ್ಯಾರ್ಥಿ ವಿಭಾಗಕ್ಕೆ ಹೋಗಿತ್ತು. ನಮ್ಮ ಗಿರೀಶ ಕಾಸರವಳ್ಳಿ 1977ರ 'ಘಟಶ್ರಾದ್ಧ'ಕ್ಕೆ ಮುಂಚೆ ಎಫ್‌ಟಿಐಐನಲ್ಲಿ 'ಅವಶೇಷ್' ಮಾಡಿ ರಾಷ್ಟ್ರಪ್ರಶಸ್ತಿ ಪಡೆದಿದ್ದರು.

ಈ ಹೆಸರುಗಳಲ್ಲಿ ಒಂದು ಸಾಮ್ಯ ಇದೆ. ಯಾರೂ ಶೂನ್ಯದಿಂದ ಎದ್ದು ಬಂದವರಲ್ಲ. ಒಬ್ಬರ ಹಿಂದೆ ಸರ್ಕಾರಿ ಫಿಲ್ಮ್ ಶಾಲೆ, ಇನ್ನೊಬ್ಬರ ಹಿಂದೆ ಜಿಲ್ಲಾ ಮಟ್ಟದ ಕಾಲೇಜು, ಮತ್ತೊಬ್ಬರ ಹಿಂದೆ ಒಂದು ಟಿವಿ ಚಾನೆಲ್. ತಪ್ಪು ಮಾಡಿ ಕಲಿಯಲು ಯಾರೋ ಜಾಗ ಕೊಟ್ಟಿದ್ದರು. ಕನ್ನಡದಲ್ಲಿ ಆ ಜಾಗ ಎಲ್ಲಿದೆ?

ಇತ್ತು ಅನ್ನೋದು ನಮ್ಮ ದುರಂತ. ಪುಣೆಯ ಸಂಸ್ಥೆ ಶುರುವಾಗಿದ್ದು 1960ರಲ್ಲಿ. ಅದಕ್ಕೂ ಮುಂಚೆ, 1940ರ ದಶಕದಲ್ಲೇ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೊಗ್ರಫಿ ಡಿಪ್ಲೊಮಾ ಇತ್ತು. ಗುರುದತ್ ಅವರ ಕ್ಯಾಮೆರಾಮ್ಯಾನ್ ವಿ.ಕೆ. ಮೂರ್ತಿ ಕಲಿತದ್ದು ಅಲ್ಲಿ, ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲಿ. ಮೆಕ್ಯಾನಿಕಲ್, ಸಿವಿಲ್ ಕಲಿಸುವ ಕಡೆಯೇ ಕ್ಯಾಮೆರಾವನ್ನೂ ಒಂದು ಕಸುಬಾಗಿ ಕಲಿಸಬಹುದು ಅಂತ ಮೈಸೂರು ಸಂಸ್ಥಾನಕ್ಕೆ ಹೊಳೆದಿತ್ತು. ಆ ಪರಂಪರೆಯ ಸರ್ಕಾರಿ ಫಿಲ್ಮ್ ಸಂಸ್ಥೆ ಇಂದು ಹೆಸರಘಟ್ಟದಲ್ಲಿದೆ. ಕನ್ನಡ ಸಿನಿಮಾದ ಭವಿಷ್ಯದ ಬಗ್ಗೆ ಟಿವಿಯಲ್ಲಿ ನಡೆಯುವ ಚರ್ಚೆಗಳಲ್ಲಿ ಅದರ ಹೆಸರು ನೀವು ಕೊನೆಯ ಬಾರಿ ಕೇಳಿದ್ದು ಯಾವಾಗ?

ಮುಗಿದ ಮೇಲೆ ಎಲ್ಲಿಗೆ?

ಸಾಲ ಸೋಲ ಮಾಡಿ ಚಿತ್ರ ಮುಗಿಸಿದಿರಿ ಅಂದುಕೊಳ್ಳಿ. ಮುಂದೆ ಮೂರು ದಾರಿ.

ಮೊದಲನೆಯದು ಚಿತ್ರೋತ್ಸವ. ಸಬ್‌ಟೈಟಲ್ ಹಾಕಿಸಿ, ಒಂದೊಂದು ಉತ್ಸವಕ್ಕೂ ಪ್ರವೇಶ ಶುಲ್ಕ ಕಟ್ಟಬೇಕು, ಹಲವು ಕಡೆ ಡಾಲರ್ ಲೆಕ್ಕದಲ್ಲಿ. ದೊಡ್ಡ ಉತ್ಸವಗಳಲ್ಲಿ ಹಲವಕ್ಕೆ ಚಿತ್ರ ಅದಕ್ಕೂ ಮುಂಚೆ ಯೂಟ್ಯೂಬಿನಲ್ಲಿ ಇರಬಾರದು. ಅಂದರೆ ವರ್ಷಗಟ್ಟಲೆ ಯಾರಿಗೂ ತೋರಿಸದೆ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡು ಕಾಯಬೇಕು. ರಾಜ್ಯ ಸರ್ಕಾರದ ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದ ಏಷ್ಯಾ, ಭಾರತ, ಕನ್ನಡ ಸ್ಪರ್ಧಾ ವಿಭಾಗಗಳು ಪೂರ್ಣಪ್ರಮಾಣದ ಚಿತ್ರಗಳವು. ಆಸ್ಕರ್ ಅರ್ಹತೆ ಕೊಡಬಲ್ಲ ಕಿರುಚಿತ್ರೋತ್ಸವವೊಂದು ಬೆಂಗಳೂರಿನಲ್ಲಿದೆ, 2011ರಿಂದ ನಡೆಯುತ್ತಿದೆ, ಆದರೆ ಅದು ಸರ್ಕಾರದ್ದಲ್ಲ. ಪಕ್ಕದ ಕೇರಳದ ಚಲನಚಿತ್ರ ಅಕಾಡೆಮಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೇ ಅಂತ ಪ್ರತ್ಯೇಕ ಅಂತರರಾಷ್ಟ್ರೀಯ ಉತ್ಸವವನ್ನು 2008ರಿಂದ ನಡೆಸುತ್ತಿದೆ.

ಎರಡನೆಯದು ಪ್ರಶಸ್ತಿ. ರಾಷ್ಟ್ರೀಯ ಪ್ರಶಸ್ತಿಗೆ ಕಳಿಸಬೇಕಾದರೆ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಉತ್ಸವದಲ್ಲಿ ತೋರಿಸಲು ಪ್ರಮಾಣಪತ್ರ ಬೇಡ, ಕೇಂದ್ರದ ವಾರ್ತಾ ಸಚಿವಾಲಯದ ವಿನಾಯಿತಿ ಸಾಕು. ಆ ವಿನಾಯಿತಿ ಅನ್ನೋದೂ ಒಂದು ಕತ್ತರಿಯೇ. 2017ರಲ್ಲಿ ಕೇರಳದ ಅದೇ ಉತ್ಸವದಲ್ಲಿ ಮೂರು ಚಿತ್ರಗಳಿಗೆ ಸಚಿವಾಲಯ ವಿನಾಯಿತಿ ನಿರಾಕರಿಸಿತು. ಒಂದು ರೋಹಿತ್ ವೇಮುಲ ಸಾವಿನ ನಂತರದ ಹೋರಾಟದ್ದು, ಒಂದು ಕಾಶ್ಮೀರದ್ದು, ಒಂದು ಜೆಎನ್‌ಯು ವಿದ್ಯಾರ್ಥಿಗಳದ್ದು. ರೋಹಿತ್ ಕುರಿತ ಸಾಕ್ಷ್ಯಚಿತ್ರ ಮಾಡಿದವರು ನಮ್ಮ 'ಪುಟಾಣಿ ಪಾರ್ಟಿ'ಯ ನಿರ್ದೇಶಕ ರಾಮಚಂದ್ರ ಪಿ.ಎನ್. ಸಣ್ಣ ಚಿತ್ರಗಳಿಗೆ ಸರ್ಕಾರ ಹೆದರುತ್ತದೆ, ಆದರೆ ಅವಕ್ಕೆ ದುಡ್ಡು ಹಾಕುವಷ್ಟು ಮಹತ್ವ ಕೊಡೋದಿಲ್ಲ. ವಿಚಿತ್ರ ಅಲ್ವಾ?

ಮೂರನೆಯದು ಯೂಟ್ಯೂಬ್. ಜಾಹೀರಾತಿನ ಪಾಲು ಸಿಗಬೇಕಾದರೆ ಚಾನೆಲ್ಲಿಗೆ 1,000 ಚಂದಾದಾರರು, ಒಂದು ವರ್ಷದೊಳಗೆ 4,000 ಗಂಟೆ ವೀಕ್ಷಣೆ ಬೇಕು. 4,000 ಗಂಟೆ ಅಂದರೆ 2,40,000 ನಿಮಿಷ. ನಿಮ್ಮ 15 ನಿಮಿಷದ ಚಿತ್ರವನ್ನು 16,000 ಜನ ಮೊದಲಿಂದ ಕೊನೆವರೆಗೆ ನೋಡಬೇಕು. ಅದೂ ದುಡ್ಡು ಬರಲು ಅಲ್ಲ, ದುಡ್ಡಿಗೆ ಅರ್ಜಿ ಹಾಕಲು. ಮೂರು ನಿಮಿಷದೊಳಗಿನ ಲಂಬ ವಿಡಿಯೊಗಳಿಗೆ ಅದೇ ಯೂಟ್ಯೂಬ್ ಬೇರೆ ಒಂದು ಓಣಿ ಮಾಡಿಕೊಟ್ಟಿದೆ. 'ಶಾರ್ಟ್ಸ್ ಮಾಡ್ತೀನಿ' ಅಂದರೆ ಈಗ ಜನ ಅರ್ಥ ಮಾಡಿಕೊಳ್ಳೋದು ಅದನ್ನೇ.

ಚಿತ್ರಮಂದಿರ ಅನ್ನೋ ದಾರಿಯೂ ಒಂದು ಕಾಲಕ್ಕೆ ಇತ್ತು. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್‌ನ ಸಣ್ಣ ಚಿತ್ರಗಳನ್ನು ಮುಖ್ಯ ಸಿನಿಮಾಕ್ಕೆ ಮುಂಚೆ ತೋರಿಸುವುದು ಟಾಕೀಸುಗಳಿಗೆ ಕಡ್ಡಾಯವಾಗಿತ್ತು. ಅದರಲ್ಲಿ ಸರ್ಕಾರಿ ಪ್ರಚಾರವೂ ಇತ್ತು, ನಿಜ. ಆದರೂ ಟಿಕೆಟ್ ಕೊಂಡ ಜನ ಸಣ್ಣ ಚಿತ್ರವೊಂದನ್ನು ದೊಡ್ಡ ಪರದೆಯಲ್ಲಿ ನೋಡುವ ರೂಢಿ ಇತ್ತು. ಈಗ ಆ ಹೊತ್ತಿನಲ್ಲಿ ಜಾಹೀರಾತು ಬರುತ್ತದೆ. ಫಿಲ್ಮ್ಸ್ ಡಿವಿಷನ್ ಅನ್ನೇ 2022ರಲ್ಲಿ ಎನ್‌ಎಫ್‌ಡಿಸಿಯೊಳಗೆ ಸೇರಿಸಿಬಿಟ್ಟರು.

500 ಕೋಟಿಯ ಸಿಟಿ, ಶೂನ್ಯದ ಸಾಲು

2025-26ರ ರಾಜ್ಯ ಬಜೆಟ್ ಸಿನಿಮಾ ಬಗ್ಗೆ ಬಹಳ ಮಾತಾಡಿತು. ಮೈಸೂರಿನಲ್ಲಿ 150 ಎಕರೆಯಲ್ಲಿ 500 ಕೋಟಿ ರೂಪಾಯಿಯ ಫಿಲ್ಮ್ ಸಿಟಿ, ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ, ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ, ಕನ್ನಡ ಚಿತ್ರಗಳ ಭಂಡಾರಕ್ಕೆ 3 ಕೋಟಿ, ಸರ್ಕಾರದ್ದೇ ಒಂದು ಒಟಿಟಿ. ಟಿಕೆಟ್ ದರದ ನಿಯಮ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂತು, ಮಲ್ಟಿಪ್ಲೆಕ್ಸುಗಳು ಕೋರ್ಟಿಗೆ ಹೋದವು, ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ನಮ್ಮ ಸಿನಿಮಾ ರಾಜಕಾರಣದ ಸಿಟ್ಟು, ಚರ್ಚೆ ಎಲ್ಲ ಟಿಕೆಟ್ ಕೌಂಟರಿನ ಸುತ್ತ ಮುಗಿಯಿತು. ಹೊಸಬರು ಮೊದಲ ಚಿತ್ರ ಹೇಗೆ ಮಾಡಬೇಕು ಅನ್ನೋ ಪ್ರಶ್ನೆಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಸಿಗಲಿಲ್ಲ.

ಫಿಲ್ಮ್ ಸಿಟಿ ಸರ್ಕಾರಿ-ಖಾಸಗಿ ಸಹಭಾಗಿತ್ವದ್ದು, ಅಷ್ಟೂ ಖಜಾನೆಯ ದುಡ್ಡಲ್ಲ ಅನ್ನೋದು ನೆನಪಿರಲಿ. ಆದರೂ ಅಳತೆಗೋಲಾಗಿ ನೋಡೋಣ. 500 ಕೋಟಿಯ ಶೇ. 1 ಅಂದರೆ 5 ಕೋಟಿ. ಒಂದು ಕಿರುಚಿತ್ರಕ್ಕೆ, ಎಲ್ಲರಿಗೂ ಸಂಬಳ ಕೊಟ್ಟು, 5 ಲಕ್ಷ ಅಂತಿಟ್ಟರೆ 100 ಚಿತ್ರ. 31 ಜಿಲ್ಲೆಗೆ ಮೂರರಂತೆ ಹಂಚಿದರೂ ಏಳು ಮಿಗುತ್ತವೆ. ಈಗಿರುವ ಸಬ್ಸಿಡಿ ಪದ್ಧತಿಯಲ್ಲಿ ಚಿತ್ರ ಮುಗಿಸಿ, ಸೆನ್ಸಾರ್ ಮಾಡಿಸಿ, ಅರ್ಜಿ ಹಾಕಿ ಕಾಯಬೇಕು. ಮುಂಗಡ ಹೂಡಲು ದುಡ್ಡಿದ್ದವರಿಗೆ ಮಾತ್ರ ಆ ಬಾಗಿಲು ತೆರೆಯುತ್ತದೆ.

ಒಟಿಟಿ ವಿಷಯದಲ್ಲೂ ಎಚ್ಚರ ಬೇಕು. ಕೇರಳ 2024ರ ಮಾರ್ಚ್‌ನಲ್ಲಿ ಸಿ-ಸ್ಪೇಸ್ ಅಂತ ಸರ್ಕಾರಿ ಒಟಿಟಿ ಶುರು ಮಾಡಿದಾಗ ಮೊದಲ ಕಂತಿನಲ್ಲಿ ಆಯ್ದುಕೊಂಡಿದ್ದು 42 ಚಿತ್ರ. 35 ಪೂರ್ಣಪ್ರಮಾಣದವು, 6 ಸಾಕ್ಷ್ಯಚಿತ್ರ, ಕಿರುಚಿತ್ರ ಒಂದೇ ಒಂದು. ಸಣ್ಣ ಚಿತ್ರಗಳ ಉತ್ಸವ ಕಟ್ಟಿದ ರಾಜ್ಯದಲ್ಲೇ ಹೀಗಾದರೆ, ಹಾಗೆ ಬಿಟ್ಟರೆ ನಮ್ಮಲ್ಲಿ ಏನಾದೀತು ಅಂತ ಊಹಿಸಬಹುದು.

ಕೇರಳದ ಇನ್ನೊಂದು ಅನುಭವವೂ ನಮಗೆ ಬೇಕು. ಅಲ್ಲಿ ಪರಿಶಿಷ್ಟ ಜಾತಿ, ಪಂಗಡದ ನಿರ್ದೇಶಕರಿಗೆ, ಮಹಿಳಾ ನಿರ್ದೇಶಕರಿಗೆ ಚಿತ್ರ ಮಾಡಲು ಸರ್ಕಾರ ತಲಾ 1.5 ಕೋಟಿ ಕೊಡುತ್ತದೆ. 2025ರ ಆಗಸ್ಟ್‌ನಲ್ಲಿ ನಡೆದ ಸಿನಿಮಾ ನೀತಿ ಸಮಾವೇಶದಲ್ಲಿ ಅಡೂರ್ ಗೋಪಾಲಕೃಷ್ಣನ್ ಇದನ್ನು ಪ್ರಶ್ನಿಸಿದರು. ಮೊದಲು ತರಬೇತಿ ಕೊಡಿ, ಮೊತ್ತ 50 ಲಕ್ಷಕ್ಕೆ ಇಳಿಸಿ ಅಂದರು. ದೊಡ್ಡ ವಿವಾದವಾಯಿತು, ಆಗಬೇಕಾದದ್ದೇ. ದಲಿತರು ಮತ್ತು ಹೆಣ್ಣುಮಕ್ಕಳು ಕೈ ಹಾಕಿದಾಗ ಮಾತ್ರ ತರಬೇತಿಯ ನೆನಪಾಗೋದು ಹಳೇ ಕಾಯಿಲೆ. ಅಪ್ಪನ ದುಡ್ಡಲ್ಲಿ ಐದು ಕಿರುಚಿತ್ರ ಮಾಡಿ ನಾಲ್ಕನ್ನು ಕೆಡಿಸಿದ ಹುಡುಗನಿಗೆ ಸಿಕ್ಕಿದ್ದೂ ತರಬೇತಿಯೇ, ಯಾರೂ ಅದನ್ನು ಲೆಕ್ಕ ಕೇಳಲಿಲ್ಲ ಅಷ್ಟೆ. ಕೆಡಿಸಿ ಕಲಿಯುವ ಆ ಅವಕಾಶವನ್ನು ಸಾರ್ವಜನಿಕ ಹಣದಲ್ಲಿ ಎಲ್ಲರಿಗೂ ಕೊಡಿ, ದೊಡ್ಡ ಚಿತ್ರದ ಮೊತ್ತವನ್ನು ಕಡಿತ ಮಾಡದೆ. ಕಿರುಚಿತ್ರ ಈ ವಾದಕ್ಕೆ ನೇರ ಉತ್ತರ.

ಎರಡು ಆಕ್ಷೇಪ

"ಕೈಯಲ್ಲಿ ಮೊಬೈಲ್ ಇದೆ, ಯಾರು ಬೇಕಾದರೂ ಸಿನಿಮಾ ಮಾಡಬಹುದು, ಸರ್ಕಾರ ಯಾಕೆ ಬೇಕು?" ಇದು ಮೊದಲ ಆಕ್ಷೇಪ. ಕ್ಯಾಮೆರಾ ಅಗ್ಗವಾಗಿದೆ, ಒಪ್ಪೋಣ. ಮೇಲಿನ 91 ದಿನಗಳಲ್ಲಿ ಮೊಬೈಲ್ ಎಷ್ಟು ದಿನ ಉಳಿಸಿತು? ಸ್ಕ್ರಿಪ್ಟ್ ತಿದ್ದುವವರ ಸಮಯ, ನಟರ ಸಮಯ, ಸೌಂಡು, ಊಟ ಯಾವುದೂ ಅಗ್ಗ ಆಗಿಲ್ಲ. ಪೆನ್ನು ಅಗ್ಗ ಅಂದ ಮಾತ್ರಕ್ಕೆ ಬರೆಯಲು ಬಿಡುವು ಸಿಕ್ಕಂತಾಗಲ್ಲ.

ಎರಡನೆಯದು ಹೆಚ್ಚು ಗಂಭೀರ. ಸರ್ಕಾರದ ದುಡ್ಡು ತಗೊಂಡರೆ ಸರ್ಕಾರದ ಮಾತು ಕೇಳಬೇಕಾಗುತ್ತದೆ, ಯೋಜನೆಗಳ ಪ್ರಚಾರದ ಚಿತ್ರ ಮಾಡಿಸುತ್ತಾರೆ ಅನ್ನೋ ಭಯ. ಭಯಕ್ಕೆ ಕಾರಣ ಇದೆ. ಆದರೆ ಎಫ್‌ಟಿಐಐ ಇತಿಹಾಸವನ್ನೂ ನೋಡಿ. 2015ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಕೇಂದ್ರ ಸರ್ಕಾರ ನೇಮಿಸಿದ ಅಧ್ಯಕ್ಷರ ವಿರುದ್ಧ 139 ದಿನ ಮುಷ್ಕರ ಮಾಡಿದರು. ಅದರಲ್ಲಿದ್ದ ಪಾಯಲ್ ಕಪಾಡಿಯಾ ಕೇಸು, ಶಿಸ್ತುಕ್ರಮ ಎಲ್ಲ ಎದುರಿಸಿ, ಅದೇ ಸಂಸ್ಥೆಯಲ್ಲಿ ಕಲಿತ ಕಸುಬಿನಿಂದ ಆ ಮುಷ್ಕರದ ನೆರಳನ್ನೂ ಸಿನಿಮಾ ಮಾಡಿದರು. ಸಂಸ್ಥೆ ಜನರದ್ದು, ಆಳುವ ಪಕ್ಷದ್ದಲ್ಲ ಅನ್ನೋ ಹಕ್ಕಿನಿಂದ ಆ ಹುಡುಗ ಹುಡುಗಿಯರು ಜಗಳ ಆಡಿದರು. ಜಗಳಕ್ಕೆ ಹೆದರಿ ಸಂಸ್ಥೆಯೇ ಬೇಡ ಅಂದರೆ ಉಳಿಯೋದು ಬ್ರ್ಯಾಂಡುಗಳ ಜಾಹೀರಾತಿನಂಥ ಕಿರುಚಿತ್ರ ಮತ್ತು ಶ್ರೀಮಂತರ ಹವ್ಯಾಸ.

ಕೇಳಬೇಕಾದದ್ದು

ಹಾಗಾದರೆ ಕೇಳೋದೇನು? ನನ್ನ ಪಟ್ಟಿ ಇದು.

ಒಂದು, ಸ್ಕ್ರಿಪ್ಟ್ ಹಂತದಲ್ಲೇ ಸಣ್ಣ ಅನುದಾನ. ಮೊದಲ ಕಂತು ಬರೆಯಲು, ಎರಡನೆಯದು ಶೂಟಿಂಗಿಗೆ, ಮೂರನೆಯದು ಎಡಿಟ್ ಮತ್ತು ಸೌಂಡಿಗೆ. ಜಿಲ್ಲಾವಾರು ಹಂಚಿಕೆ, ಪರಿಶಿಷ್ಟರಿಗೆ, ಮಹಿಳೆಯರಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಮೀಸಲು. ತಂಡದ ಎಲ್ಲರಿಗೂ ಕನಿಷ್ಠ ಕೂಲಿ ಕೊಡಲೇಬೇಕು, ದೂರು ಕೊಡಲು ಒಂದು ಸಮಿತಿ ಇರಲೇಬೇಕು ಅನ್ನೋದು ಷರತ್ತು.

ಎರಡು, ಸಲಕರಣೆ ಭಂಡಾರ. ಪ್ರತಿ ಜಿಲ್ಲೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಕ್ಯಾಮೆರಾ, ಎರಡು ಲೈಟು, ಒಳ್ಳೆ ಸೌಂಡ್ ಕಿಟ್, ಎಡಿಟ್ ಮಾಡುವ ಕಂಪ್ಯೂಟರ್. ಲೈಬ್ರರಿಯಲ್ಲಿ ಪುಸ್ತಕ ಪಡೆದಂತೆ ಪಡೆಯುವ ವ್ಯವಸ್ಥೆ. ಕಲಿಸಲು ಹೆಸರಘಟ್ಟದ ಸಂಸ್ಥೆಯಿಂದ ಶಿಬಿರ.

ಮೂರು, ಇಪ್ಪತ್ತು ಜನಕ್ಕಿಂತ ಸಣ್ಣ ತಂಡಗಳಿಗೆ ರಾಜ್ಯ ಸರ್ಕಾರದ ಜಾಗಗಳಲ್ಲಿ, ಅಂದರೆ ಶಾಲೆ, ಬಸ್ ನಿಲ್ದಾಣ, ತಾಲ್ಲೂಕು ಕಚೇರಿ, ಕೆರೆ ಏರಿ ಇಂಥ ಕಡೆ, ಶುಲ್ಕವಿಲ್ಲದೆ, ಒಂದೇ ಅರ್ಜಿಯಲ್ಲಿ ಅನುಮತಿ.

ನಾಲ್ಕು, ಬರಲಿರುವ ಸರ್ಕಾರಿ ಒಟಿಟಿಯಲ್ಲಿ ಕಿರುಚಿತ್ರಕ್ಕೆ ಕಡ್ಡಾಯ ಪಾಲು. ಎಷ್ಟು ಜನ ನೋಡಿದರು ಅನ್ನೋದಕ್ಕೆ ಮಾತ್ರ ಕಟ್ಟುಬೀಳದೆ, ಆಯ್ಕೆಯಾದ ಚಿತ್ರಕ್ಕೆ ನಿಗದಿತ ಮೊತ್ತ. ಜೊತೆಗೆ ಕನ್ನಡ ಸಿನಿಮಾಗಳ ಮುಂಚೆ ಒಂದು ಕನ್ನಡ ಕಿರುಚಿತ್ರ ತೋರಿಸುವ ಟಾಕೀಸಿಗೆ ಉತ್ತೇಜನ, ಜಿಲ್ಲಾ ರಂಗಮಂದಿರಗಳಲ್ಲಿ ತಿಂಗಳಿಗೊಂದು ಪ್ರದರ್ಶನ.

ಐದು, ಆಯ್ಕೆ ಸಮಿತಿಯಲ್ಲಿ ಅಧಿಕಾರಿಗಳು, ರಾಜಕಾರಣಿಗಳು ಬೇಡ. ನಿಗದಿತ ಅವಧಿ ಇರುವ, ತೀರ್ಮಾನಕ್ಕೆ ಕಾರಣ ಬರೆದು ಪ್ರಕಟಿಸುವ ಸ್ವತಂತ್ರ ಸಮಿತಿ ಬೇಕು. ಕತೆಯ ನಿಲುವನ್ನು ತಿದ್ದುವ ಅಧಿಕಾರ ಅದಕ್ಕೂ ಇರಬಾರದು.

ಇದರಲ್ಲಿ ಯಾವುದಕ್ಕೂ 150 ಎಕರೆ ಬೇಕಾಗಿಲ್ಲ. ಮುಂದಿನ ಬಜೆಟ್ ತಯಾರಿಗೆ ಮುಂಚೆ ನಿಮ್ಮ ಕಾಲೇಜಿನ ಫಿಲ್ಮ್ ಕ್ಲಬ್ಬು, ನಿಮ್ಮೂರಿನ ರಂಗತಂಡ, ವಿದ್ಯಾರ್ಥಿ ಸಂಘಟನೆ ಸೇರಿ ಇದನ್ನೊಂದು ಮನವಿಯಾಗಿ ಶಾಸಕರಿಗೆ, ವಾರ್ತಾ ಇಲಾಖೆಗೆ, ಚಲನಚಿತ್ರ ಅಕಾಡೆಮಿಗೆ ಕೊಡಿ. ಪಟ್ಟಿಯಲ್ಲಿ ಬಿಟ್ಟುಹೋದದ್ದನ್ನು ಸೇರಿಸಿ, ಒಪ್ಪದ್ದನ್ನು ಹೊಡೆದುಹಾಕಿ. ಟಿಕೆಟ್ ದರಕ್ಕೆ ಸಿಟ್ಟು ಮಾಡಿದ ಹತ್ತರಲ್ಲೊಂದು ಪಾಲು ಸಿಟ್ಟನ್ನು ಈ ಕಡೆ ತಿರುಗಿಸಿದರೆ, ಯಾದಗಿರಿಯ ಒಬ್ಬಳು ಹುಡುಗಿಗೆ ತನ್ನ ಓಣಿಯ ಕತೆಯನ್ನು ತನ್ನ ಮಾತಿನಲ್ಲೇ, ಯಾರ ಋಣದಲ್ಲೂ ಬೀಳದೆ, ಚಿತ್ರ ಮಾಡಲು ಆಗಬಹುದು. ಅದು ಕಾನ್‌ಗೆ ಹೋಗಬೇಕು ಅಂತೇನೂ ಇಲ್ಲ. ಅವಳ ಎರಡನೇ ಚಿತ್ರ ಮೊದಲನೆಯದಕ್ಕಿಂತ ಚೆನ್ನಾಗಿ ಬಂದರೆ ಆ ದುಡ್ಡು ಸಾರ್ಥಕ.